ದೀಪ ಊದಲೊಲ್ಲದ ಅತ್ತೆ

ನಮ್ಮ ಅತ್ತೆ ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆಗೆ ಕೂತವಳು. ಅದೂ ಅರವತ್ತು ದಾಟಿದ ಮೇಲೆ! ಓದುವ ಪರೀಕ್ಷೆಯಲ್ಲ, ಬರೆಯುವ ಪರೀಕ್ಷೆಯಲ್ಲ. ಬರೀ ಊದುವ ಪರೀಕ್ಷೆ. ಒಂದು ಕೊಳವೆಯನ್ನು ಬಾಯಿಗೆ ಇಟ್ಟುಕೊಂಡು ಜೋರಾಗಿ ‘ಉಫ್’ ಎನ್ನಬೇಕು, ಅಷ್ಟೆ. ಬಾಲವಾಡಿಯ ಮಕ್ಕಳೂ ಪಾಸಾಗುವಂಥದ್ದು. ಅದರಲ್ಲಿ ನಮ್ಮ ಅತ್ತೆ ಮೇಲಿಂದ ಮೇಲೆ ಫೇಲಾದಳು! ಫೇಲಾದದ್ದಕ್ಕೆ ನಾಚಿಕೊಂಡಳೋ? ಛೇ, ಎಲ್ಲಾದರೂ ಉಂಟೇ! ಪರೀಕ್ಷೆ ಮಾಡಿದವರೇ ತಲೆ ಕೆರೆದುಕೊಳ್ಳುವ ಹಾಗೆ ಮಾಡಿ ಬಂದಳು. ಹೆಮ್ಮಾಡಿಯ ಶಾಲೆಯಲ್ಲಿ ಇಷ್ಟು ವರ್ಷಗಳಿಂದ ಮಕ್ಕಳಿಗೆ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಫೇಲಾದ ಮೇಲೂ ಇಷ್ಟು ಗತ್ತಿನಿಂದ ಎದ್ದು ಬಂದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಅದೇ ಮನೆಯಲ್ಲಿ ಊಟಕ್ಕೆ ಕೂರುವ ಧೈರ್ಯ ಯಾರಿಗಿದೆ! ಇವಳು ನಮ್ಮ ಅಪ್ಪಯ್ಯನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಡಲಿಗೆ ಕೊಟ್ಟು ಗಂಗೊಳ್ಳಿಯ ನಮ್ಮ ಮನೆಗೆ ವಾಪಸು ಬಂದವಳು. ತಾಯಿಯಿಲ್ಲದ ತಮ್ಮನನ್ನು ಸಾಕಿದಳು, ಅವರಿಗೆ ಮದುವೆ ಮಾಡಿಸಿದಳು, ಆಮೇಲೆ ಅವರ ಮಕ್ಕಳಾದ ನಮ್ಮನ್ನೂ ಸಾಕಿದಳು. ಬೆಳಿಗ್ಗೆ ಎದ್ದು ಒಲೆ ಹಚ್ಚಿ ಗಂಜಿಗಿಟ್ಟು, ಬಂದರಿಗೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸು ಹತ್ತಿ ಬಿಜೂರಿನಲ್ಲಿ ಇಳಿದು, ಅಲ್ಲಿ ಮನೆ ಮನೆ ತಿರುಗಿ ಮಾರಿ ಬರುವುದು ಅವಳ ಕಸುಬು.

ಮಾರುವುದು ಎಂದೆನಲ್ಲ, ಆ ಮಾತು ಸ್ವಲ್ಪ ತಪ್ಪಾಯಿತು. ಯಾರ ಮನೆಯಲ್ಲಿ ಇವತ್ತು ಯಾವ ಮೀನು ಬೇಯಬೇಕು ಎಂದು ತೀರ್ಪು ಕೊಟ್ಟು ಬರುತ್ತಿದ್ದಳು ಎಂದರೆ ಸರಿ.

“ಅಕ್ಕ, ಇವತ್ ಚಟ್ಲಿ ಕೊಡಿ.”

“ಚಟ್ಲಿ ನಿಂಗ್ ಬ್ಯಾಡ. ಮೊನ್ನೆ ನಿನ್ನ್ ಗಂಡಂಗೆ ಮೈಯೆಲ್ಲ ತುರ್ಸಿ ಎದ್ದಿತ್ ಅಲ್ದಾ? ಬಂಗ್ಡಿ ತಕೋ.”

“ನಂಗ್ ಚಟ್ಲಿಯೇ ಬೇಕಿತ್ತಲೆ!”

“ಬೇಕಿದ್ರೆ ಪ್ಯಾಟಿಗ್ ಹೋಗ್. ನನ್ನ್ ಬುಟ್ಟಿಯಗೆ ಚಟ್ಲಿ ಇಲ್ಲೆ.”

ಬುಟ್ಟಿ ತುಂಬ ಸಿಗಡಿಯೇ ಇರುತ್ತಿತ್ತು! ಕಣ್ಣೆದುರಿಗಿದ್ದ ಮೀನನ್ನು ಇಲ್ಲವೆಂದು ಹೇಳಿಸಿಕೊಂಡ ಆ ಹೆಂಗಸು ಸುಮ್ಮನೆ ಬಂಗುಡೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ವ್ಯಾಪಾರದಲ್ಲಿ ಗಿರಾಕಿಯೇ ದೇವರು ಎಂದು ಎಲ್ಲೋ ಬರೆದು ಹಾಕಿರುವುದನ್ನು ಕಂಡಿದ್ದೇನೆ. ಅತ್ತೆಗೆ ಓದಲು ಬರುತ್ತಿರಲಿಲ್ಲ.

ಇನ್ನು ಅವಳ ದನಿ! ಬಿಜೂರಿನ ತಿರುವಿನಲ್ಲಿ ನಿಂತು ಅವಳು “ಮೀನೇ…” ಎಂದು ಎಳೆದರೆ ಗದ್ದೆಯಾಚೆಯ ಮನೆಯಲ್ಲಿ ಬೆಕ್ಕು ಎದ್ದು ಕೂರುತ್ತಿತ್ತು. ಬಸ್ಸು ನಿಲ್ಲಿಸಲು ಅವಳು ಕೈ ಅಡ್ಡ ಮಾಡಿದ್ದನ್ನು ಯಾರೂ ಕಂಡಿಲ್ಲ. “ಹ್ವಾಯ್!” ಎಂದು ಒಂದೇ ಕೂಗು. ಡ್ರೈವರ್ ತಾನೇನೋ ತಪ್ಪು ಮಾಡಿದೆನೆಂದು ಹೆದರಿ ಬ್ರೇಕು ಒತ್ತುತ್ತಿದ್ದ. ಒಮ್ಮೆ ಹಾಗೆ ಕೂಗಿದಾಗ ಒಂದೇ ಸಲಕ್ಕೆ ಎರಡು ಬಸ್ಸು ನಿಂತವು. ಒಂದು ಅವಳು ಹೋಗಬೇಕಾದ್ದು, ಇನ್ನೊಂದು ಎದುರಿನಿಂದ ಬರುತ್ತಿದ್ದದ್ದು.

ಇಂಥವಳ ಎದೆಯಲ್ಲಿ ಬೆಕ್ಕು ಸೇರಿಕೊಂಡಿತು. ಇದು ಅತ್ತೆಯದೇ ಮಾತು. ಉಸಿರು ಎಳೆದಾಗ ಒಳಗೆ ‘ಗೊಂಯ್’ ಎನ್ನುತ್ತದಲ್ಲ, ಅದು ಬೆಕ್ಕು. “ಹೊಟ್ಟಿಗ್ ಮೀನ್ ಹಾಕ್ರೆ ಸುಮ್ಮನಾತ್ತ್” ಎನ್ನುತ್ತಿದ್ದಳು. ಸುಮ್ಮನಾಗಲಿಲ್ಲ. ಮಳೆಗಾಲಕ್ಕೆ ಬರುತ್ತಿದ್ದ ಕೆಮ್ಮು ಚಳಿಗಾಲಕ್ಕೂ ಬಂತು, ಆಮೇಲೆ ಬೇಸಿಗೆಯಲ್ಲೂ ಹೋಗಲಿಲ್ಲ. ತಪ್ಪು ಯಾರದ್ದು? ಅತ್ತೆಯದಂತೂ ಅಲ್ಲವೇ ಅಲ್ಲ! ಮೊದಲು ಫ್ಯಾನಿನದ್ದು. ಆಮೇಲೆ ನನ್ನ ಪೌಡರಿನದ್ದು. ಆಮೇಲೆ ನಮ್ಮೂರಿಗೆ ಮೊಬೈಲ್ ಟವರ್ ಬಂತು ನೋಡಿ, ಎಲ್ಲ ಆರೋಪವನ್ನೂ ಅದರ ತಲೆಗೆ ಕಟ್ಟಿದಳು.

“ಅಷ್ಟೆತ್ತರ ನಿಂತ್ಕಂಡಿತಲೆ, ಬಪ್ಪ ಗಾಳಿ ಎಲ್ಲ ಅದೇ ಕುಡಿತ್. ನಮ್ಗ್ ಎಂತ ಉಳಿತ್?”

“ಅತ್ತಿ, ಹಾಂಗಾರೆ ಊರಿನವ್ರಿಗೆಲ್ಲ ಉಸ್ರ್ ಕಟ್ಕಿತ್ತಲ್ದಾ?” ಎಂದೆ.

“ಅವ್ರಿಗೆ ನನ್ನಷ್ಟ್ ಗಾಳಿ ಬ್ಯಾಡ. ಅವ್ರ್ ಮೀನ್ ಮಾರ್ತ್ರಾ?” ಎಂದು ನನ್ನ ಬಾಯಿ ಮುಚ್ಚಿಸಿದಳು.

ಹೀಗೇ ನಡೆಯುತ್ತಿತ್ತೇನೋ. ಒಂದು ಬೆಳಿಗ್ಗೆ ಅಪ್ಪಯ್ಯ ರಸ್ತೆಬದಿಯಲ್ಲಿ ಬಲೆಯ ದಾರ ಕೊಳ್ಳುತ್ತಿದ್ದರು. ಅತ್ತೆ ಬುಟ್ಟಿ ಹೊತ್ತು ಬೇಗ ಬೇಗ ಬರುತ್ತಿದ್ದಾಳೆ, ಬಸ್ಸು ಹೊರಟಿದೆ. ಅತ್ತೆ ಬಾಯಿ ತೆರೆದಳು. “ಹ್ವಾ…” ಎಂದದ್ದು ಅಲ್ಲಿಗೇ ನಿಂತಿತು. ದನಿ ಹೊರಡಲಿಲ್ಲ. ಬಸ್ಸು ಹೋಯಿತು. ಅತ್ತೆ ಬುಟ್ಟಿ ಕೆಳಗಿಟ್ಟು ಮೈಲುಗಲ್ಲು ಹಿಡಿದುಕೊಂಡು ನಿಂತದ್ದನ್ನು ಅಪ್ಪಯ್ಯ ಕಂಡರು.

ನಮ್ಮ ಅಪ್ಪಯ್ಯ ದೋಣಿಯ ತಾಂಡೇಲ. ಕಡಲಿನ ಮೇಲೆ ದೋಣಿಯವರೆಲ್ಲ ತಾಂಡೇಲನ ಮಾತಿನಂತೆ ನಡೆಯಬೇಕು. ಮನೆಯಲ್ಲಿ ಮಾತ್ರ ಅವರು ಅತ್ತೆಯ ಎದುರು ದನಿ ಎತ್ತಿದ್ದೇ ಇಲ್ಲ. ಅವತ್ತು ಎತ್ತಿದರು.

“ಅಕ್ಕ, ನಾಳಿಗ್ ಡಾಕ್ಟ್ರ್ ಹತ್ರ ಹೋಯ್ಕ್. ಎದಿ ಹಾಳಾಯಿತ್ ಅಂದೇಳಿ ಅವ್ರ್ ಹೇಳ್ರೆ, ಬುಟ್ಟಿ ಕೆಳಗೆ. ಮತ್ತೆ ಬಿಜೂರ್ ಇಲ್ಲೆ.”

“ಹೇಳದಿದ್ರೆ?”

“ಹೇಳದಿದ್ರೆ ನಿನ್ನ್ ಇಷ್ಟ.”

“ಹಾಂಗಾರೆ ಹೋಪ,” ಎಂದಳು ಅತ್ತೆ, ಗೆದ್ದವರ ಹಾಗೆ. “ಪಾಸಾಯ್ ಬತ್ತೆ. ಮತ್ತೆ ನನ್ನ್ ತಂಟಿಗ್ ಬರೂಕಾಗ.”

ಹೀಗೆ ಅತ್ತೆಯ ಬುಟ್ಟಿಯೇ ಪಣಕ್ಕೆ ಬಿದ್ದಿತು. ಅವಳನ್ನು ಕರೆದುಕೊಂಡು ಹೋಗುವ ಭಾಗ್ಯ ನನ್ನದಾಯಿತು.

ಬ್ರಹ್ಮಾವರದ ಆಸ್ಪತ್ರೆಗೆ ಹೊರಟ ದಿನ ಅತ್ತೆಯನ್ನು ಕಂಡು ನಾನು ಮೂಗಿನ ಮೇಲೆ ಬೆರಳಿಟ್ಟೆ. ಮದುವೆಮನೆಗೆ ಉಡುವ ಸೀರೆ, ಕೊರಳಲ್ಲಿ ಇದ್ದಬದ್ದ ಚಿನ್ನವೆಲ್ಲ! “ಎದಿ ಫೋಟೊ ತೆಗಿತ್ರ್ ಅಂಬ್ರಲೆ” ಎಂದಳು. ಎಕ್ಸ್‌ರೇಗೆ ಚಿನ್ನ ಬಿಚ್ಚಿಡಬೇಕು ಎಂದು ಅಲ್ಲಿ ಹೇಳಿದಾಗ, ಚಿನ್ನ ಇಲ್ಲದ ಫೋಟೊ ಯಾರಿಗೆ ಬೇಕು ಎಂದು ಜಗಳ ಆಡಿದಳು. ಟೆಸ್ಟ್ ಎಂದ ಮೇಲೆ ಬರಿಹೊಟ್ಟೆಯಲ್ಲಿ ಇರಬೇಕೆಂದು ಗಂಜಿಯನ್ನೂ ಕುಡಿದಿರಲಿಲ್ಲ. ಅಷ್ಟೇ ಆಗಿದ್ದರೆ ಸೈ. ಊದುವ ಪರೀಕ್ಷೆಯ ಕೋಣೆಯಲ್ಲಿ ಕೂತಿದ್ದ ಹುಡುಗಿ “ಬನ್ನಿ ಅಮ್ಮ” ಎಂದದ್ದೇ ತಡ, ಅತ್ತೆ ಕೈಚೀಲದಿಂದ ಕಾಗದ ಸುತ್ತಿದ ಒಂದು ಬಾಟಲಿ ತೆಗೆದು ಅವಳ ಮೇಜಿನ ಮೇಲೆ ಇಟ್ಟಳು. ಆಸ್ಪತ್ರೆಯವರು ಯಾವ ಟೆಸ್ಟಿಗೂ ಕೊನೆಗೆ ಕೇಳುವುದು ಅದನ್ನೇ ಎಂದು ಮನೆಯಿಂದಲೇ ತುಂಬಿಸಿ ತಂದಿದ್ದಳು!

“ಅಮ್ಮ, ಇದಕ್ಕೆ ಅದು ಬೇಡ,” ಎಂದಳು ಹುಡುಗಿ, ನಗು ತಡೆದುಕೊಂಡು.

“ಬ್ಯಾಡದಿದ್ರೆ ಬ್ಯಾಡ. ಇಟ್ಕಣಿ, ಬೇಕಾತ್ತ್,” ಎಂದಳು ಅತ್ತೆ ಉದಾರವಾಗಿ.

ಕೊಕ್ಕರ್ಣೆಯ ಹುಡುಗಿಯಂತೆ ಅವಳು. ಆಸ್ಪತ್ರೆಯಲ್ಲಿ ಮಾತ್ರ ರೇಡಿಯೊದವರ ಹಾಗೆ ಮಾತಾಡುತ್ತಿದ್ದಳು. “ನೋಡಿ ಅಮ್ಮ, ನಿಮ್ಮ ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆ, ಎಷ್ಟು ವೇಗವಾಗಿ ಹೊರಗೆ ಹಾಕುತ್ತದೆ ಎಂದು ಈ ಯಂತ್ರ ಹೇಳುತ್ತದೆ. ಉಸಿರಿನ ದಾರಿ ಸಪೂರ ಆಗಿದ್ದರೆ ಗಾಳಿ ನಿಧಾನ ಬರುತ್ತದೆ. ಎದೆ ತುಂಬ ಉಸಿರು ಎಳೆದು, ಒಮ್ಮೆಲೇ ಜೋರಾಗಿ ಊದಬೇಕು. ನಿಲ್ಲಿಸದೆ, ಖಾಲಿಯಾಗುವ ತನಕ ಊದಬೇಕು” ಎಂದು ವಿವರಿಸಿ, ಅತ್ತೆಯ ಮೂಗಿಗೆ ಕ್ಲಿಪ್ ಹಾಕಲು ಹೋದಳು. ಅತ್ತೆ ಮುಖ ಹಿಂದಕ್ಕೆ ಎಳೆದುಕೊಂಡಳು.

“ಇದ್ ಬಟ್ಟಿ ಒಣ್ಸು ಕ್ಲಿಪ್ ಅಲ್ದಾ? ಮೀನ್ ಮಾರು ಹೆಂಗ್ಸಿನ್ ಮೂಗ್ ಮುಚ್ಚಿದ್ರೆ ಮತ್ತೆ ಎಂತ ಉಳಿತ್?”

ಹೇಗೋ ಮೂಗು ಮುಚ್ಚಿತು. ಕೊಳವೆ ಬಾಯಿಗೆ ಬಂತು. ಅತ್ತೆ ಊದಿದಳು. ಊದಿದಳು ಅಂದರೆ ಹೇಗೆ! ಸಣ್ಣಗೆ, ಹದವಾಗಿ, ಗುರಿಯಿಟ್ಟು, ನಡುನಡುವೆ ಬಿಟ್ಟು ಬಿಟ್ಟು. ಯಂತ್ರದ ಪರದೆಯಲ್ಲಿ ಗೆರೆ ಮೇಲೇಳಲೇ ಇಲ್ಲ.

“ಜೋರಾಗಿ ಅಮ್ಮ! ಜೋರು!”

ಅತ್ತೆ ಕೊಳವೆ ತೆಗೆದು ಆ ಹುಡುಗಿಯನ್ನು ಕನಿಕರದಿಂದ ನೋಡಿದಳು. “ಹೆಣ್ಣೇ, ನೀನ್ ಒಲಿ ಊದಿದ್ದ್ ಇಲ್ಯಾ? ಜೋರ್ ಊದ್ರೆ ಬೂದಿ ಹಾರಿ ಅನ್ನದ್ ಮೇಲ್ ಬೀಳತ್ತ್. ಮೆಲ್ಲ ಊದ್ಕ್. ಊದುದನ್ನ ನಂಗ್ ಕಲಿಸ್ತ್ಯಾ?”

ಹುಟ್ಟಿದಂದಿನಿಂದ ಹಸಿ ಸೌದೆ, ತೆಂಗಿನ ಮಡಲು ಊದಿ ಊದಿ ಅತ್ತೆಯ ಬಾಯಿಗೆ ಒಂದು ಸಂಸ್ಕಾರ ಬಂದುಬಿಟ್ಟಿತ್ತು. ಬಾಯೆದುರು ಕೊಳವೆ ಬಂದ ಕೂಡಲೇ ಉಸಿರು ತಾನಾಗಿ ಸಣ್ಣದಾಗುತ್ತಿತ್ತು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಹುಡುಗಿ ಸೋಲೊಪ್ಪಲಿಲ್ಲ. “ಇರಿ, ಮಕ್ಕಳಿಗೆ ಮಾಡುವ ಹಾಗೆ ಮಾಡುತ್ತೇನೆ” ಎಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಪರದೆಯ ಮೇಲೆ ಸಾಲಾಗಿ ಬಣ್ಣದ ಮೇಣದ ಬತ್ತಿಗಳು ಬಂದವು, ಒಂದೊಂದರ ತುದಿಯಲ್ಲೂ ಕುಣಿಯುವ ದೀಪ!

“ಅಮ್ಮ, ನೀವು ಊದಿದಾಗ ಈ ದೀಪಗಳು ಆರಬೇಕು. ಎಲ್ಲವನ್ನೂ ಆರಿಸಿಬಿಡಿ, ನೋಡುವ!”

ನೆರೆಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಕುಂದಾಪುರದಿಂದ ಕೇಕು ತರಿಸಿದ್ದ ದಿನ ನನಗೆ ನೆನಪಾಯಿತು. ಮಗು ಕೆನ್ನೆ ಉಬ್ಬಿಸಿ ಕ್ಯಾಂಡಲ್ ಊದಲು ಬಗ್ಗಿದಾಗ ಅತ್ತೆ ಕೇಕನ್ನೇ ಎತ್ತಿಕೊಂಡು ದೇವರ ಕೋಣೆಗೆ ಓಡಿದ್ದಳು! ನಾನು ಬಾಯಿ ಬಿಡುವ ಮೊದಲೇ ಅತ್ತೆ ಕೊಳವೆಯನ್ನು ಮೇಜಿನ ಮೇಲೆ ಇಟ್ಟು ಎದ್ದು ನಿಂತಾಗಿತ್ತು.

“ದೀಪ ಊದುದಾ? ಬಾಯಿಂದ್ಲಾ? ನಮ್ಮನಿ ಹೆಣ್ಮಕ್ಳ್ ಯಾರೂ ದೀಪಕ್ಕ್ ಎಂಜಲ್ ಗಾಳಿ ತಾಗ್ಸಿದವ್ರಲ್ಲ!”

“ಅಮ್ಮ, ಅದು ನಿಜವಾದ ದೀಪ ಅಲ್ಲ. ಕಂಪ್ಯೂಟರ್ ದೀಪ.”

“ಕಂಪ್ಯೂಟ್ರಗೆ ಇದ್ರೆ ದೀಪ ಅಲ್ದಾ? ಟಿವಿಯಗೆ ದೇವ್ರ್ ಬಂದ್ರೆ ನಿನ್ನಮ್ಮ ಕೈ ಮುಗಿತಿಲ್ಯಾ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅತ್ತೆಯೇ ಒಂದು ರಾಜಿಸೂತ್ರ ಕೊಟ್ಟಳು. “ಒಂದ್ ಹೂಗ್ ಇದ್ರೆ ಕೊಡ್. ಒಂದೊಂದೇ ಮೆಲ್ಲ ಶಾಂತ ಮಾಡ್ತೆ.” ಹೂವಿನಿಂದ ಕಂಪ್ಯೂಟರಿನ ದೀಪ ಆರಿಸುವ ವಿದ್ಯೆಯನ್ನು ಪಾಪ, ಆ ಹುಡುಗಿಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಅವಳು ನಿಟ್ಟುಸಿರು ಬಿಟ್ಟು, ರಿಪೋರ್ಟಿನಲ್ಲಿ ಒಂದು ಸಾಲು ಟೈಪು ಮಾಡಿದಳು. ಅತ್ತೆಗೆ ಕುತೂಹಲ.

“ಎಂತ ಬರ್ದದ್ ಅವ್ಳ್?”

ನಾನು ಬಗ್ಗಿ ನೋಡಿದೆ. “ಸಹಕಾರ ಕೊಡ್ಲಿಲ್ಲ ಅಂದೇಳಿ.”

ಅತ್ತೆಯ ಕಣ್ಣು ಕೆಂಪಾಯಿತು. “ನಾನಾ? ಸಹಕಾರ ಕೊಡ್ಲಿಲ್ಯಾ? ಊರಗೆ ಕೇಣಿ ಕಾಂಬ! ಯಾರ್ ಮನಿ ಮದಿಗ್, ಯಾರ್ ಮನಿ ಬಾಳಂತನಕ್ಕ್ ನಾನ್ ಸಹಕಾರ ಕೊಡ್ಲಿಲ್ಲ? ಅಳ್ಸ್ ಅದನ್ನ!”

ಅಷ್ಟು ಹೊತ್ತಿಗೆ ಬಾಗಿಲ ಬಳಿ ಬೇರೆ ರೋಗಿಗಳೆಲ್ಲ ತಮ್ಮ ಕೆಮ್ಮು ಮರೆತು ಇಣುಕುತ್ತಿದ್ದರು. ಕೂಗಾಡಿದ್ದಕ್ಕೆ ಅತ್ತೆ ಉಸಿರು ಸಾಲದೆ ಬೆಂಚು ಹಿಡಿದು ಕೂತಳು. ಎದೆಯ ಬೆಕ್ಕು ನಮಗೆಲ್ಲ ಕೇಳುವ ಹಾಗೆ ಗೊಂಯ್ಗುಡುತ್ತಿತ್ತು. ಹುಡುಗಿ ನನ್ನನ್ನು ಬದಿಗೆ ಕರೆದು ಹೇಳಿದಳು: “ಮೇಡಂ, ಇದು ಸರಿಯಾಗಿ ಬಾರದಿದ್ದರೆ ಯಾವ ಮದ್ದು, ಎಷ್ಟು ಮದ್ದು ಎಂದು ಡಾಕ್ಟರಿಗೆ ಗೊತ್ತಾಗುವುದಿಲ್ಲ. ಅವರಿಗೆ ಜೋರಾಗಿ ಗಾಳಿ ಬಿಡುವ ಅಭ್ಯಾಸ ಯಾವುದಾದರೂ ಉಂಟಾ?”

ಅಭ್ಯಾಸ! ನಾನು ಅವಳ ಕಿವಿಯಲ್ಲಿ ಬಸ್ಸಿನ ವಿಷಯ ಹೇಳಿದೆ. ಅವಳ ಮುಖ ಅರಳಿತು. ಅತ್ತೆ ಸುಧಾರಿಸಿಕೊಂಡ ಮೇಲೆ, ದೀಪಗಳನ್ನು ತೆಗೆದುಹಾಕಿ, ಮೂಗಿಗೆ ಕ್ಲಿಪ್ ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, “ಸ್ವರ ಬೇಡ ಅಮ್ಮ, ಗಾಳಿ ಮಾತ್ರ. ಈಗ ಉಸಿರು ಎಳೆಯಿರಿ, ಇನ್ನೂ ಎಳೆಯಿರಿ” ಎಂದಳು. ಅತ್ತೆಯ ಎದೆ ತುಂಬಿದ್ದೇ, ಆ ಹುಡುಗಿ ಕಬ್ಬಿಣದ ಕಪಾಟಿನ ಬಾಗಿಲಿಗೆ ಕಂಡಕ್ಟರು ಬಸ್ಸಿಗೆ ಬಡಿಯುವ ಹಾಗೆ ಎರಡು ಬಡಿದು, ರೇಡಿಯೊದ ಕನ್ನಡವನ್ನೆಲ್ಲ ಅಲ್ಲೇ ಬಿಟ್ಟು, ಕೊಕ್ಕರ್ಣೆಯ ದನಿಯಲ್ಲಿ ಕಿರುಚಿದಳು:

“ರೈಟ್, ಹೋಪ! ಹ್ವಾಯ್ ಅಮ್ಮ, ನಿಮ್ಮ್ ಬಸ್ ಹೋಯ್ತ್! ಬುಟ್ಟಿ ಬಸ್ಸಿನ್ ಮೇಲ್ ಇತ್ತ್! ನಿಲ್ಸಿ, ನಿಲ್ಸಿ!”

ಅತ್ತೆ ಊದಿದಳು ನೋಡಿ! ಕಣ್ಣು ಅಗಲಿಸಿ, ಕೊರಳ ನರ ಉಬ್ಬಿಸಿ, ಬಿಜೂರಿನ ಬಸ್ಸಿಗೆ ಜೀವಮಾನವಿಡೀ ಕೂಗಿದ್ದನ್ನೆಲ್ಲ ಆ ಕೊಳವೆಯೊಳಗೆ ಹಾಕಿದಳು. ಗೆರೆ ಚಂಗನೆ ಮೇಲೆದ್ದಿತು. “ಬಿಡ್ಬೇಡಿ! ಊದಿ, ಊದಿ, ಊದಿ!” ಎಂದು ಹುಡುಗಿ. ಬಾಗಿಲ ಬಳಿಯ ರೋಗಿಗಳೂ “ಊದಿ, ಊದಿ” ಎಂದು ಭಜನೆಗೆ ಸೇರಿದರು. ಊದಲಾಗದೆ ಬಂದವರೇ ಅಷ್ಟೂ ಜನ, ಆದರೆ ಊದಿಸಲು ಎಲ್ಲರಿಗೂ ಬರುತ್ತಿತ್ತು! ಬೇರೆಯವರು ನಾಲ್ಕು ಕ್ಷಣದಲ್ಲಿ ಮುಗಿಸುವುದನ್ನು ಅತ್ತೆ ಎಳೆದೇ ಎಳೆದಳು. ಮುಗಿಯುವ ಹೊತ್ತಿಗೆ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೊಳವೆ ತೆಗೆದವಳು ಮೊದಲು ಕೇಳಿದ್ದು, “ಬಸ್ ನಿಂತಿತಾ?”

ಮದ್ದಿನ ಗಾಳಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಎರಡನೆಯ ಬಸ್ಸನ್ನೂ ಅತ್ತೆ ನಿಲ್ಲಿಸಿದಳು. ‘ಸಹಕಾರ ಕೊಡಲಿಲ್ಲ’ ಎಂಬ ಸಾಲನ್ನು ತನ್ನೆದುರೇ ಅಳಿಸಿದ ಮೇಲೆ ಅವಳು ಡಾಕ್ಟರ ಕೋಣೆಗೆ ನಡೆದಳು, ರ‍್ಯಾಂಕ್ ಬಂದವಳ ಗತ್ತಿನಲ್ಲಿ.

ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ರಿಪೋರ್ಟಿನ ಗೆರೆಯನ್ನು ತುಂಬ ಹೊತ್ತು ನೋಡಿದರು.

“ಅಮ್ಮ, ಬೀಡಿ ಸೇದ್ತೀರಾ?”

“ಬೀಡಿ ಎಳು ಹೆಂಗ್ಸಿನ್ ಹಾಂಗೆ ಕಾಣತ್ತಾ ನಿಮ್ಗೆ?”

“ಅಡುಗೆ ಒಲೆಯಲ್ಲೋ?”

“ಒಲಿ ಇಲ್ದೆ ಅನ್ನ ಬೇಯತ್ತಾ ಡಾಕ್ಟ್ರೆ?”

“ಹಾಗಾದರೆ ಬೀಡಿಗಿಂತ ಹೆಚ್ಚೇ ಹೊಗೆ ಸೇದಿದ್ದೀರಿ. ನಿಮ್ಮ ಉಸಿರಿನ ದಾರಿ ಸಪೂರ ಆಗಿಬಿಟ್ಟಿದೆ. ನಿಮ್ಮ ಶ್ವಾಸಕೋಶಕ್ಕೆ ಈಗ ತೊಂಬತ್ತು ದಾಟಿದವರಷ್ಟು ವಯಸ್ಸಾಗಿದೆ.”

ಅತ್ತೆ ಒಂದು ಕ್ಷಣ ಲೆಕ್ಕ ಹಾಕಿದಳು. “ಹಾಂಗಾರೆ ಅದ್ ನಿಮ್ಗಿಂತ ಹಿರಿದಾಯ್ತ್. ಒಂಚೂರ್ ಮರ್ಯಾದಿ ಕೊಟ್ಟ್ ಮಾತಾಡಿ.”

ಡಾಕ್ಟರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕು ಮುಗಿಸಿ ಕೇಳಿದರು, “ನಡೆಯುವಾಗ ನಡುವೆ ನಿಲ್ಲಬೇಕಾಗುತ್ತದಾ?”

“ಇಲ್ಲೆ. ಯಾವತ್ತೂ ಇಲ್ಲೆ.”

“ಒಮ್ಮೆಯೂ ನಿಲ್ಲುವುದಿಲ್ಲ?”

“ಮಾತಾಡುಕ್ ನಿಲ್ತೆ. ಅದ್ ಬ್ಯಾರೆ.”

“ಎಲ್ಲೆಲ್ಲಿ ನಿಲ್ತೀರಿ?”

ಅತ್ತೆ ಹೇಳತೊಡಗಿದಳು. ಬಸ್ಸಿಳಿದ ಮೇಲೆ ಮೋರಿಯ ಹತ್ತಿರ, ಅಲ್ಲಿ ನೀರು ಎಷ್ಟು ಬಂದಿದೆ ಎಂದು ನೋಡಲು. ಮುಂದೆ ಹಲಸಿನ ಮರದ ಕೆಳಗೆ, ಕಾಯಿ ಬಿಟ್ಟಿದೆಯೋ ಎಂದು. ಗುಡ್ಡದ ಮೇಲಿನ ಮನೆಗೆ ಹತ್ತುವ ದಾರಿಯಲ್ಲಿ ಒಂದು ಕಲ್ಲಿನ ಹತ್ತಿರ, ಸುಮ್ಮನೆ. ಮನೆಯ ಗೇಟಿನಲ್ಲಿ, ಆ ಮನೆಯವರ ಸೊಸೆಯ ಸಮಾಚಾರ ಕೇಳಲು. ಕೇಳಿದ ಮೇಲೆ ಅವರೇ ಮಾತಾಡುತ್ತಾರೆ, ಇವಳು ಹ್ಞೂಂಗುಟ್ಟಿದರೆ ಸಾಕು.

ಡಾಕ್ಟರು ತಲೆ ಆಡಿಸಿದರು. ಅತ್ತೆಗೆ ಹೋದಲ್ಲೆಲ್ಲ ಮಾತಿನ ಚಪಲ ಹೆಚ್ಚಾಗಿದೆ, ಮೀನು ಮಾರಲು ಹೋದವಳು ಮರಗಳ ಯೋಗಕ್ಷೇಮ ವಿಚಾರಿಸಿ ಬರುತ್ತಾಳೆ ಎಂದು ನಾವು ಮನೆಯಲ್ಲಿ ಎಷ್ಟು ತಮಾಷೆ ಮಾಡಿದ್ದೆವು! ಅವಳು ಮರಗಳನ್ನು ವಿಚಾರಿಸುತ್ತಿರಲಿಲ್ಲ. ಮುಂದಿನ ಹೆಜ್ಜೆಗೆ ಬೇಕಾದ ಉಸಿರನ್ನು ಹುಡುಕುತ್ತಿದ್ದಳು. ಯಾರಿಗೂ ಗೊತ್ತಾಗದ ಹಾಗೆ, ಮಾನ ಬಿಡದೆ. ನನಗೆ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದೆ. “ಎಂತ ಹೆಣ್ಣೇ, ನಿಂಗೆ ಚಳಿಯಾ?” ಎಂದಳು.

ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಹೋದ ಶಕ್ತಿ ಪೂರ್ತಿ ವಾಪಸು ಬರುವುದಿಲ್ಲ, ಆದರೆ ಮದ್ದಿನ ಗಾಳಿ ಎಳೆದ ಮೇಲೆ ಗೆರೆ ಸ್ವಲ್ಪ ಏರಿದೆ, ಉಳಿದದ್ದನ್ನು ಕಾಪಾಡಬಹುದು. ದಿನಾ ಇನ್‌ಹೇಲರ್ ತಪ್ಪಬಾರದು. ಹೊಗೆ ಬೇಡ. ನಡೆಯಲಿ, ನಡೆದಷ್ಟೂ ಒಳ್ಳೆಯದು. ಆದರೆ ತಲೆಯ ಮೇಲೆ ಹೊರೆ ಹೊತ್ತು ಗುಡ್ಡ ಹತ್ತುವುದು ಇನ್ನು ಮುಂದೆ ಬೇಡವೇ ಬೇಡ.

ಬ್ರಹ್ಮಾವರದಿಂದ ಕುಂದಾಪುರದವರೆಗೆ ಅತ್ತೆ ಒಂದು ಮಾತೂ ಆಡಲಿಲ್ಲ. ಕಿಟಕಿಯ ಬದಿ ಸಿಕ್ಕಿತ್ತು, ಹೊರಗೆ ಟೀಕೆ ಮಾಡಲು ಬೇಕಾದಷ್ಟಿತ್ತು, ಆದರೂ ಆಡಲಿಲ್ಲ.

ಮನೆಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪಯ್ಯ “ಹ್ಞೂಂ” ಎಂದು, ಬುಟ್ಟಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಮಾತು ಮಾತೇ. ಅತ್ತೆ ಜಗಳ ಆಡಲಿಲ್ಲ. ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದಳು:

“ಬುಟ್ಟಿ ಇಲ್ದೆ ನಾನ್ ಯಾರ್ ಮನಿಗ್ ಹೋಯ್ಲಿ? ಎಂತ ಹೇಳ್ಕಂಡ್ ಹೋಯ್ಲಿ?”

ಅಪ್ಪಯ್ಯ ಎದ್ದು ಕಡಲ ಕಡೆ ಹೋದರು.

ಮನೆಗೆ ಗ್ಯಾಸ್ ಬಂತು. ಗ್ಯಾಸಿನ ಅನ್ನಕ್ಕೆ ಆಸ್ಪತ್ರೆಯ ವಾಸನೆ ಎಂದು ಅತ್ತೆ ಮೂಗು ಮುರಿದಳು. ಇನ್‌ಹೇಲರನ್ನು ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಎಳೆಯುವುದನ್ನು ಬೇಗ ಕಲಿತಳು, ಕಲಿತದ್ದೇ ಊರಿಗೆಲ್ಲ ಡಾಕ್ಟರಾದಳು. ನೆಗಡಿಯಾದ ಪೋಸ್ಟ್‌ಮ್ಯಾನನ್ನು ಜಗಲಿಯಲ್ಲಿ ಕೂರಿಸಿ “ಬಾಯಿ ತೆಗಿನಿ” ಎಂದಾಗ ಅವನು ಟಪಾಲು ಬಿಟ್ಟು ಓಡಿದ! ಉಸಿರು ಸುಧಾರಿಸುತ್ತಾ ಬಂತು, ಬೆಕ್ಕಿನ ಸದ್ದು ಕಡಿಮೆಯಾಯಿತು. ಆದರೆ ಅತ್ತೆ ಬಾಡುತ್ತಾ ಹೋದಳು. ಬೆಳಗಿನ ಬಿಜೂರು ಬಸ್ಸು ಹಾರ್ನ್ ಮಾಡಿದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅದು ಹೋಗುವ ತನಕ ಹಾಗೇ ಕೂತಿರುತ್ತಿದ್ದಳು. ಅದನ್ನು ಅಪ್ಪಯ್ಯ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಬಂದರಿನ ಕಡೆಯಿಂದ ಗಲಾಟೆ, ನಗು ಕೇಳಿತು. ಹೊರಗೆ ಬಂದು ನೋಡಿದರೆ ನಮ್ಮ ಅಪ್ಪಯ್ಯ! ತಲೆಗೆ ಸಿಂಬಿ ಸುತ್ತಿಕೊಂಡು, ಅದರ ಮೇಲೆ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದಾರೆ. ನಮ್ಮಲ್ಲಿ ಗಂಡಸರು ಮೀನು ಹಿಡಿಯುತ್ತಾರೆ, ಬಲೆ ಎಳೆಯುತ್ತಾರೆ, ಬೇಕಾದರೆ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಒತ್ತುತ್ತಾ ಮಾರುತ್ತಾರೆ. ಹೆಂಗಸರ ಹಾಗೆ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಹೊರಟ ಗಂಡಸನ್ನು, ಅದೂ ಒಬ್ಬ ತಾಂಡೇಲನನ್ನು ಗಂಗೊಳ್ಳಿ ಎಲ್ಲಿ ಕಂಡಿತ್ತು?

“ತಾಂಡೇಲ್ರೆ, ಕೈಗ್ ಬಳಿ ಹಾಕ್ಕಣಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪಯ್ಯ ಕ್ಯಾರೇ ಎನ್ನಲಿಲ್ಲ. ಅತ್ತೆ ಜಗಲಿಯಿಂದ ಇಳಿದು ಓಡಿ ಬಂದಳು.

“ನಿಂಗೆ ಮರ್ಲಾ, ತಲಿ ಕೆಟ್ಟಿತಾ? ಇಳ್ಸ್ ಬುಟ್ಟಿ! ಗಂಡ್ಸ್ ಬುಟ್ಟಿ ಹೊರುದಾ?”

“ಡಾಕ್ಟ್ರ್ ಹೊರೂಕಾಗ ಅಂದದ್ ನಿಂಗೆ. ನಂಗಲ್ಲ,” ಎಂದರು ಅಪ್ಪಯ್ಯ. “ನಡುಕ್ ಅಡ್ಡಿ ಇಲ್ಲೆ ಅಂದಿದ್ರಲ್ದಾ? ನಡಿ. ಬಸ್ ಬತ್ತ್.”

ಅತ್ತೆ ತಮ್ಮನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಒಳಗೆ ಹೋಗಿ ಸೀರೆ ಸರಿ ಮಾಡಿಕೊಂಡು, ಸಂಚಿ ಸಿಕ್ಕಿಸಿಕೊಂಡು ಬಂದಳು. ನನಗೂ ತಡೆಯಲಾಗಲಿಲ್ಲ, ಅವರ ಹಿಂದೆಯೇ ಬಸ್ಸು ಹತ್ತಿದೆ.

ಬಿಜೂರಿನಲ್ಲಿ ಅತ್ತೆ ಬರಿಗೈಯಲ್ಲಿ ಮುಂದೆ, ಅಪ್ಪಯ್ಯ ಬುಟ್ಟಿ ಹೊತ್ತು ಹಿಂದೆ. ತಿರುವಿನಲ್ಲಿ ನಿಂತು ಅತ್ತೆ “ಮೀನೇ…” ಎಂದು ಎಳೆದಳು. ಹಿಂದಿನಷ್ಟು ಉದ್ದ ಬರಲಿಲ್ಲ, ಆದರೆ ಬಂತು. ಮನೆಗಳಿಂದ ಹೆಂಗಸರು ಹೊರಗೆ ಬಂದರು, ಎಲ್ಲಿ ಹೋಗಿದ್ದೆ ಎಂದು ಬೈದರು, ಅಪ್ಪಯ್ಯನನ್ನು ಕಂಡು ಸೆರಗು ಬಾಯಿಗಿಟ್ಟು ನಕ್ಕರು. ಯಾರಿಗೆ ಯಾವ ಮೀನು ಎಂದು ಅತ್ತೆ ತೀರ್ಪು ಕೊಟ್ಟಳು. ಅಪ್ಪಯ್ಯ ಎಣಿಸಿ ಹಾಕಿದರು.

ಕೊನೆಗೆ ಗುಡ್ಡದ ಮೇಲಿನ ಮನೆಯ ದಾರಿ ಬಂತು. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆಯ ಹೆಜ್ಜೆ ಸಣ್ಣದಾಯಿತು. ನಿಲ್ಲಲು ಅವಳು ಏನಾದರೊಂದು ನೆಪ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಹಿಂದಿನಿಂದ ಅಪ್ಪಯ್ಯ ಕೂಗಿದರು:

“ಅಕ್ಕ, ಒಂಚೂರ್ ನಿಲ್. ನಂಗೆ ಉಸ್ರ್ ಕಟ್ತ್. ನಿನ್ನಷ್ಟ್ ಬೇಗ ನಂಗೆ ಹತ್ತೂಕಾತಿಲ್ಲೆ.”

ಬುಟ್ಟಿ ಕೆಳಗಿಟ್ಟು ಅವರು ಕಲ್ಲಿನ ಮೇಲೆ ಕೂತರು. ಅತ್ತೆ ಹಿಂದಕ್ಕೆ ಬಂದು ಅವರ ಪಕ್ಕದಲ್ಲಿ ಕೂತಳು. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅಪ್ಪಯ್ಯ ಎತ್ತಲೋ ನೋಡುತ್ತಾ ಕಾದರು.

“ಕೂಕೋ ಮಗಾ. ಎಂತ ಅವ್ಸರ ಇಲ್ಲೆ,” ಎಂದಳು ಅತ್ತೆ, ಉಸಿರು ಸಿಕ್ಕಿದ ಮೇಲೆ. ಸೆರಗಿನ ತುದಿಯಿಂದ ತಮ್ಮನ ಹಣೆಯನ್ನು ಮೆಲ್ಲಗೆ ಒರೆಸಿದಳು. ಆ ಹಣೆಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ.